ಐದನೇ ಗೆರೆ

ನನ್ನದು ತಲೆಗಳ ಕಸುಬು. ಮುಖ ನೋಡಿ ಮನುಷ್ಯರನ್ನು ಅಳೆಯುವವರು ಅಳೆದುಕೊಳ್ಳಲಿ, ನನಗೆ ಹಿಂದಲೆ ಸಾಕು. ನಿದ್ದೆಗೆಟ್ಟವನ ಕುತ್ತಿಗೆ ಹಲಗೆಯಂತೆ ಬಿಗಿದಿರುತ್ತದೆ, ಸುಳ್ಳು ಹೇಳಿ ಬಂದವನ ಕಿವಿ ಬಿಸಿ ಇರುತ್ತದೆ, ಮನೆಯಲ್ಲಿ ಜಗಳ ಆಡಿ ಬಂದವನು ನಾನು ಬಟ್ಟೆ ಹೊದಿಸುವ ಮುಂಚೆಯೇ ಕಣ್ಣು ಮುಚ್ಚುತ್ತಾನೆ. ಎರಡು ಕುರ್ಚಿ, ಒಂದು ಉದ್ದ ಕನ್ನಡಿ, ಕಾಯುವವರಿಗೆ ಒಂದು ಬೆಂಚು, ಹಿಂದೆ ಪರದೆ ಕಟ್ಟಿದ ಸಣ್ಣ ಕೋಣೆ. ಇಪ್ಪತ್ತೇಳು ವರ್ಷವನ್ನು ಇಷ್ಟರಲ್ಲೇ ಕಳೆದಿದ್ದೇನೆ. ಇಷ್ಟೆಲ್ಲ ಜಂಬ ಕೊಚ್ಚುವ ನಾನು ನನ್ನ ಮಗನ ತಲೆಯನ್ನು ಮಾತ್ರ ಓದಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೇಳಿದ ಮೇಲೆ ನೀವು ಬೈಯುವ ಶ್ರಮ ಬೇಡ, ನಾನೇ ಸಾಕಷ್ಟು ಬೈದುಕೊಂಡಿದ್ದೇನೆ.

ಗೆರೆಯ ಹುಚ್ಚು ಶುರುವಾಗಿದ್ದು ಹೋದ ವರ್ಷ. ಒಬ್ಬ ಹುಡುಗ ಬಂದು ಫೋನು ನನ್ನ ಮೂಗಿನ ಹತ್ತಿರ ಹಿಡಿದ. ಎಡಗಿವಿಯ ಹಿಂದೆ, ಉಗುರಿನಷ್ಟು ಉದ್ದಕ್ಕೆ, ಓರೆಯಾಗಿ ಒಂದು ಗೆರೆ ಬೋಳಿಸಿದ ಚಿತ್ರ. “ಹಿಂಗೇ ಬೇಕು ಅಂಕಲ್. ಮೆಷಿನ್ ಬೇಡ, ಕತ್ತೀಲೇ ಮಾಡ್ಬೇಕು.” ನಾನು ಮಾಡಿಕೊಟ್ಟೆ. ಹಕ್ಕಿಗೂಡಿನಂಥ ತಲೆ ಕೇಳಿದವರಿಗೂ, ಅರ್ಧ ಬೋಳು ಅರ್ಧ ಪೊದೆ ಕೇಳಿದವರಿಗೂ ಮಾಡಿಕೊಟ್ಟವನು ನಾನು. ಹುಡುಗರ ಫ್ಯಾಷನ್ನಿಗೆಲ್ಲ ತಲೆ ಕೆಡಿಸಿಕೊಂಡರೆ ಈ ಕಸುಬಿನಲ್ಲಿ ಉಳಿಗಾಲವಿಲ್ಲ. ಆಮೇಲೆ ಮೂರು ನಾಲ್ಕು ಬೀದಿಯಾಚೆಯಿಂದಲೂ ಬರತೊಡಗಿದರು. ನನ್ನ ಗೆರೆ ಸ್ಕೇಲು ಇಟ್ಟು ಎಳೆದ ಹಾಗಿರುತ್ತದೆ ಎಂದು ಅವರವರಲ್ಲೇ ಸುದ್ದಿಯಾಗಿತ್ತು. ನನಗೂ ಒಳಗೊಳಗೇ ಕೋಡು ಮೂಡಿತ್ತು.

ಒಂದು ವಿಷಯ ಅವತ್ತೇ ಕಣ್ಣಿಗೆ ಹೊಡೆಯಬೇಕಿತ್ತು. ಕೂದಲು ಕತ್ತರಿಸಿಕೊಂಡ ಯಾವ ಗಂಡಸೂ ಕನ್ನಡಿ ನೋಡದೆ ಎದ್ದು ಹೋಗುವುದಿಲ್ಲ, ಎಂಬತ್ತರ ಮುದುಕನೂ ಒಮ್ಮೆ ಗಲ್ಲ ಎತ್ತಿ ನೋಡಿಕೊಳ್ಳುತ್ತಾನೆ. ಈ ಹುಡುಗರು ನೋಡುತ್ತಿರಲಿಲ್ಲ. ಗೆರೆಯ ಫೋಟೊ ತೆಗೆದು ಯಾರಿಗೋ ಕಳಿಸಿ, ಉತ್ತರ ಬರುವವರೆಗೆ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಉತ್ತರ ಬಂದ ಮೇಲೆ ಏಳುತ್ತಿದ್ದರು. ಮೂರ್ನಾಲ್ಕು ವಾರ ಬಿಟ್ಟು ಬಂದು ಎರಡನೆಯದು, ಮತ್ತೆ ಬಂದು ಮೂರನೆಯದು. ಒಬ್ಬನೂ ನಗುತ್ತಿರಲಿಲ್ಲ. ಹದಿನೆಂಟು ಇಪ್ಪತ್ತರ ಹುಡುಗರು ಗುಂಪಾಗಿ ಕೂತೂ ನಗುವುದಿಲ್ಲ ಎಂದರೆ ಏನೋ ಕೆಟ್ಟಿದೆ ಎಂದು ನನಗೆ ಹೊಳೆಯಬೇಕಿತ್ತು.

ನನ್ನ ಮಗನಿಗೆ ಆಗ ಹತ್ತೊಂಬತ್ತು. ಓದು ಅರ್ಧಕ್ಕೆ ಬಿಟ್ಟಿದ್ದ. ಫೋನಿನಲ್ಲೇ ನೂರಾರು ಕಡೆ ಕೆಲಸಕ್ಕೆ ಅರ್ಜಿ ಹಾಕಿದ್ದ. ಬೇಡ ಅಂತ ಹೇಳುವ ಸೌಜನ್ಯವೂ ಯಾರಿಗೂ ಇರಲಿಲ್ಲ. ನನ್ನ ಕಸುಬು ಕಲಿ ಎಂದರೆ ಮುಖ ಆ ಕಡೆ ತಿರುಗಿಸುತ್ತಿದ್ದ. ಮನೆಯಲ್ಲಿ ಅಮ್ಮನ ಕಣ್ಣು ತಪ್ಪಿಸಲು ಅಂಗಡಿಗೆ ಬಂದು ಪರದೆಯ ಹಿಂದೆ ಮಲಗಿ ಇಡೀ ದಿನ ಫೋನು ಉಜ್ಜುತ್ತಿದ್ದ. ಗಿರಾಕಿಗಳು “ಮಗ ಏನ್ ಮಾಡ್ತಾನೆ?” ಎಂದರೆ ನಾನು ಕತ್ತರಿ ಆಡಿಸುತ್ತಾ “ದಂಡಪಿಂಡ, ಇನ್ನೇನು ಮಾಡ್ತಾನೆ” ಎನ್ನುತ್ತಿದ್ದೆ. ಅವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಪರದೆ ಅಂದರೆ ಬಟ್ಟೆ, ಗೋಡೆಯಲ್ಲ. ಅಷ್ಟೂ ಅವನಿಗೆ ಕೇಳಿಸುತ್ತಿತ್ತು ಎಂದು ನೆನೆದರೆ ಈಗಲೂ ನಾಲಿಗೆ ಕಿತ್ತಿಟ್ಟುಕೊಳ್ಳೋಣ ಅನ್ನಿಸುತ್ತದೆ.

ಒಂದು ಬೆಳಿಗ್ಗೆ ಅವನು ಪರದೆ ಸರಿಸಿ ಬಂದು ತಾನೇ ಕುರ್ಚಿಯಲ್ಲಿ ಕೂತ. “ಅಪ್ಪಾ, ನಂಗೂ ಒಂದು ಗೆರೆ ಹಾಕು.”

ಅಬ್ಬ, ಎದ್ದನಲ್ಲ ಮಹಾರಾಯ ಎಂದು ಖುಷಿಯಾಯಿತು. ಆ ಗೆರೆಯನ್ನು ನಾನು ಬೇರೆ ಯಾರಿಗೂ ಹಾಕದಷ್ಟು ನಾಜೂಕಾಗಿ ಹಾಕಿದೆ. ಅದೇ ವಾರ ಅಂಗಡಿಯ ಬೆಕ್ಕು ಕಾಣೆಯಾಯಿತು. ಟವೆಲ್ ಬುಟ್ಟಿಯಲ್ಲಿ ಮಲಗುತ್ತಿದ್ದ, ಅವನೇ ಹಾಲು ಹಾಕಿ ಬೆಳೆಸಿದ ಬೆಕ್ಕು. ಎಲ್ಲಿ ಹೋಯಿತೋ ಎಂದು ನಾನು ಬೀದಿಯೆಲ್ಲ ಹುಡುಕಿದೆ, ಅವನು ಹುಡುಕಲಿಲ್ಲ. ಎರಡನೇ ಗೆರೆಯ ಹೊತ್ತಿಗೆ ಅವನ ಗೆಳೆಯ, ಚಡ್ಡಿ ಹಾಕುವ ವಯಸ್ಸಿನಿಂದ ನಮ್ಮ ಬೆಂಚಿನ ಮೇಲೆ ಬೆಳೆದ ಹುಡುಗ, ಅಂಗಡಿಗೆ ಬರುವುದನ್ನೇ ನಿಲ್ಲಿಸಿದ. ಮೂರನೆಯದರ ಹೊತ್ತಿಗೆ ಮದುವೆಯಾಗಿ ಬೇರೆ ಊರಿನಲ್ಲಿರುವ ನನ್ನ ಮಗಳು ಫೋನು ಮಾಡಿ ಅತ್ತಳು. “ತಮ್ಮ ನಂಗೆ ಏನಂದ ಗೊತ್ತಾ ಅಪ್ಪಾ? ಬಾಯಲ್ಲಿ ಹೇಳಕ್ಕಾಗಲ್ಲ.” ನಾಲ್ಕನೆಯದರ ಹೊತ್ತಿಗೆ ಅವನು ತನ್ನ ಅಮ್ಮನ ಜೊತೆ ಮಾತು ನಿಲ್ಲಿಸಿದ. ಅವಳು ಬಡಿಸಿದ್ದನ್ನು ಅವಳ ಕಣ್ಣೆದುರೇ ತಟ್ಟೆ ಸಮೇತ ಕಸಕ್ಕೆ ಸುರಿದು ಎದ್ದು ಹೋದ. ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೇ ಇದ್ದಳು.

ಗೆರೆಗೂ ಇದಕ್ಕೂ ಸಂಬಂಧವಿದೆ ಎಂದು ನನಗೆ ಹೇಗೆ ಹೊಳೆಯಬೇಕು? ಗೆರೆ ಎಳೆದವನು ನಾನೇ ಅಲ್ಲವೇ?

ಆಗ ಬಂದವನು ಟೈರ್ ಅಂಗಡಿಯವನು. ಮಗ ಅವತ್ತು ಪರದೆಯ ಹಿಂದೆ ಇರಲಿಲ್ಲ. ಬೀದಿಯ ಕೊನೆಯಲ್ಲಿ ಪಂಕ್ಚರ್ ಹಾಕುತ್ತಾನೆ. ನನ್ನ ಹಳೆಯ ಗಿರಾಕಿ, ಹಳೆಯ ಸ್ನೇಹಿತ. ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. “ಜಾರಿ ಬಿದ್ದೆ” ಎಂದ. ಜಾರಿ ಬಿದ್ದವನ ಅಂಗೈ ತರಚಿರುತ್ತದೆ, ಮೊಣಕಾಲು ಕೆತ್ತಿರುತ್ತದೆ. ಇವನ ಪ್ಲಾಸ್ಟರಿನಿಂದ ಹೊರಗೆ ಕಂಡ ಬೆರಳುಗಳು ಸುತ್ತಿಗೆ ಬಿದ್ದ ಹಾಗೆ ಊದಿದ್ದವು. ನಾನು ನೊರೆ ಹಚ್ಚುತ್ತಾ ಅವನ ಮಗನ ಮಾತು ತೆಗೆದೆ. ಆ ಹುಡುಗನನ್ನು ನಾವೆಲ್ಲ ಡುಮ್ಮ ಎನ್ನುತ್ತಿದ್ದೆವು. ಒಂಬತ್ತು ವರ್ಷದವನಿದ್ದಾಗ ನನ್ನ ಕುರ್ಚಿಯ ಕೈಗಳ ಮೇಲೆ ಮಕ್ಕಳಿಗಾಗಿ ಹಾಕುವ ಅಡ್ಡ ಹಲಗೆಯಿಂದ ಬಿದ್ದು ಮುಂದಿನ ಹಲ್ಲು ಅರ್ಧ ಮುರಿದುಕೊಂಡಿದ್ದ. ಆ ಸಂದಿನಿಂದ ಅವನ ಮಾತಿನಲ್ಲಿ ಈಗಲೂ ಒಂದು ಸಣ್ಣ ಸಿಳ್ಳೆ ಬರುತ್ತದೆ. ಈಗ ಡುಮ್ಮ ಒಣಗಿ ಕಡ್ಡಿಯಾಗಿದ್ದ. ಹಿಂದಿನ ವಾರವಷ್ಟೇ ಬಂದು ಐದನೇ ಗೆರೆ ಹಾಕಿಸಿಕೊಂಡು ಹೋಗಿದ್ದ. ನಾನು ಐದು ಹಾಕಿದ್ದು ಅವನೊಬ್ಬನಿಗೇ.

“ನಿನ್ ಮಗಂಗೆ ಎಷ್ಟಾಯ್ತು?” ಟೈರ್‌ನವನು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಕೇಳಿದ.

“ಎಷ್ಟು ಅಂದ್ರೆ?”

“ಗೆರೆ ಕಣಯ್ಯಾ.”

“ನಾಲ್ಕು.”

ಅವನು ಕಣ್ಣು ಮುಚ್ಚಿದ. “ಕೈ ನಿಲ್ಸು ಸ್ವಲ್ಪ. ಮೊದ್ಲು ಬಾಗಿಲು ಹಾಕಿ ಬಾ.”

ಆಮೇಲೆ ಅವನು ಹೇಳಿದ್ದು ಇಷ್ಟು. ಫೋನಿನಲ್ಲಿ ಹುಡುಗರದ್ದೊಂದು ಗುಂಪು ಇದೆ. ಅಲ್ಲಿ ಒಬ್ಬ ‘ಅಣ್ಣ’ ಇರುತ್ತಾನೆ. ಮುಖ ಇಲ್ಲ, ಬರೀ ದನಿ. ನೀನು ಯಾರಿಗೂ ಬೇಡವಾದವನು, ನಿನ್ನನ್ನು ಗಂಡಸು ಮಾಡುತ್ತೇನೆ ಎನ್ನುತ್ತಾನೆ. ಸೇರುವಾಗ ಹುಡುಗ ತನ್ನ ಬಗ್ಗೆ ಯಾರಿಗೂ ಹೇಳದ ಒಂದು ನಾಚಿಕೆಯ ವಿಷಯವನ್ನು ಕ್ಯಾಮೆರಾದ ಮುಂದೆ ಹೇಳಿ ಆ ವಿಡಿಯೊ ಒಪ್ಪಿಸಬೇಕು. ಆಮೇಲೆ ಒಂದೊಂದೇ ಎಳೆ ಕಡಿಯಬೇಕು. ಮೊದಲು ಸಾಕಿದ್ದು ಅಥವಾ ಇಷ್ಟದ ವಸ್ತು, ಆಮೇಲೆ ಗೆಳೆಯ, ಆಮೇಲೆ ಒಡಹುಟ್ಟಿದವರು, ಆಮೇಲೆ ತಾಯಿ. ಕಡಿದದ್ದಕ್ಕೆಲ್ಲ ಒಂದೊಂದು ಗೆರೆ. ಮಧ್ಯದಲ್ಲಿ ಹಿಂದೆ ಸರಿದರೆ ವಿಡಿಯೊ ಊರಿಗೆಲ್ಲ ಹೋಗುತ್ತದೆ.

“ಐದನೇದು?”

“ಅಪ್ಪ. ಅಪ್ಪಂದು ಬರೀ ಮಾತಲ್ಲಿ ಆಗಲ್ಲ. ಗಾಯ ಆಗ್ಬೇಕು, ಎಲ್ರೂ ನೋಡ್ಬೇಕು.” ಅವನು ಪ್ಲಾಸ್ಟರ್ ಕೈಯನ್ನು ಮಡಿಲಿನಲ್ಲಿ ಮಗುವಿನ ಹಾಗೆ ಇಟ್ಟುಕೊಂಡಿದ್ದ. “ಜಾಕಿ ರಾಡು ಹಿಡ್ಕೊಂಡು ನಿಂತಿದ್ದ ಕಣಯ್ಯಾ. ಹೊಡಿಯಕ್ಕೆ ಆಗ್ತಿರ್ಲಿಲ್ಲ ಅವನಿಗೆ. ಅಳ್ತಿದ್ದ. ನಾನೇ ಕೈ ಚಾಚಿ ಹೊಡಿಯೋ ಅಂದೆ. ಕೈ ಕೂಡ್ಕೊಳ್ಳುತ್ತೆ. ಆ ವಿಡಿಯೊ ಹೊರಗೆ ಬಂದ್ರೆ ಹುಡುಗ ಉಳೀತಾನಾ ಹೇಳು?”

“ಪೊಲೀಸಿಗೆ ಹೇಳ್ಬೇಕಿತ್ತು.”

“ಹೇಳಿ ನೋಡು. ನಿನ್ ಮಗ ಸಂಜೆ ಒಳಗೆ ಎಲ್ಲಿರ್ತಾನೆ ಅಂತ ನೋಡು.” ಊದಿದ ಬೆರಳುಗಳನ್ನು ಎಡಗೈಯಿಂದ ಸವರುತ್ತಾ ಮತ್ತೆ ಹೇಳಿದ. “ಐದಾಯ್ತು ಅಂದ್ರೆ ವಿಡಿಯೊ ಅಳಿಸಿಬಿಡ್ತಾರೆ. ನನ್ ಮಗಂದೂ ಮುಗೀತು. ಈಗ ಮನೇಲಿ ಗಲಾಟೆ ಇಲ್ಲ, ಏನಿಲ್ಲ. ತನ್ನ ಪಾಡಿಗೆ ತಾನು ಬಾಗಿಲು ಹಾಕ್ಕೊಂಡು ಇರ್ತಾನೆ.”

ಅವನ ಗಡ್ಡ ಅರ್ಧಕ್ಕೇ ನಿಂತಿತ್ತು. ಉಳಿದರ್ಧ ಮುಗಿಸಿ ಅವನನ್ನು ಕಳಿಸಿ ಅಂಗಡಿ ಮುಚ್ಚಿದೆ.

ಮನೆಗೆ ಹೋಗಿ ಹೆಂಡತಿಗೆ ಅಷ್ಟನ್ನೂ ಹೇಳಿದೆ. ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ತೋಳು ಹಿಡಿದು ಪಿಸುಗುಟ್ಟಿದಳು: “ಅವನನ್ನ ಕೆದಕಬೇಡಿ. ನಿಮ್ಮ ಹತ್ರ ಒಂದು ಮಾತಾದ್ರೂ ಆಡ್ತಾ ಇದಾನೆ. ಅದನ್ನೂ ಕಳ್ಕೋಬೇಡಿ.” ನಾನು ಕೆದಕಲಿಲ್ಲ. ಧೈರ್ಯ ಸಾಲಲಿಲ್ಲ ಎನ್ನುವುದೇ ನಿಜ. ಅವತ್ತು ಅವನ ಎದುರು ಕೂತು “ಮಗನೇ, ಎಲ್ಲ ಗೊತ್ತಾಗಿದೆ, ಆ ವಿಡಿಯೊ ಊರೆಲ್ಲ ನೋಡಿದರೂ ನೀನು ನನ್ನ ಮಗನೇ” ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತೇನೋ. ಬಾಯಿ ತೆರೆಯುವ ಮುಂಚೆ ಅವನೇ ಬಂದು ಬಾಗಿಲಲ್ಲಿ ನಿಂತ.

“ಅಪ್ಪಾ, ನಾಳೆ ಅಂಗಡಿ ರಜೆ ಅಲ್ವಾ? ನಾನು ನಿಂಗೆ ಶೇವ್ ಮಾಡ್ತೀನಿ.”

ನಮ್ಮ ಕಸುಬಿನವರಿಗೆ ಈ ಮಾತಿನ ತೂಕವೇ ಬೇರೆ. ನಾವು ಇದನ್ನು ಕತ್ತು ಕೊಡುವುದು ಎನ್ನುತ್ತೇವೆ. ಕಲಿಯುವವನು ಮೊದಲ ಸಲ ಬರಿಗತ್ತಿಯನ್ನು ಗಂಟಲಿನ ಮೇಲೆ ಆಡಿಸುವುದು ಗಿರಾಕಿಯ ಮೇಲಲ್ಲ, ಕಲಿಸಿದವನ ಮೇಲೆ. ಕಲಿಸಿದವನು ಒರಗಿ ಕೂತು ಕಣ್ಣು ಮುಚ್ಚಬೇಕು, ಕೊನೆಯವರೆಗೆ ಕಣ್ಣು ಬಿಡಬಾರದು, ಒಂದು ಮಾತೂ ಆಡಬಾರದು. ನನ್ನ ಅಪ್ಪ ನನಗೆ ಹಾಗೆಯೇ ಕತ್ತು ಕೊಟ್ಟಿದ್ದರು. ಕೆಳದವಡೆಯ ಹತ್ತಿರ ನಾನು ಮಾಡಿದ ಗಾಯದ ಗುರುತನ್ನು ಸಾಯುವವರೆಗೂ ಬಂದವರಿಗೆಲ್ಲ ತೋರಿಸಿ, “ನನ್ನ ಮಗನ ಸಹಿ” ಎಂದು ನಗುತ್ತಿದ್ದರು. ಮಗ ಎಂದಾದರೂ ಈ ಮಾತು ಕೇಳುತ್ತಾನೆ ಎಂದು ನಾನು ಹತ್ತು ವರ್ಷ ಕಾದಿದ್ದೆ. ಕೇಳಿದ ದಿನ ನನಗೆ ಹೊಳೆದದ್ದು ಐದನೇ ಗೆರೆ. ಆದರೂ ಒಂದು ಮೂಲೆಯಲ್ಲಿ ಖುಷಿಯೂ ಆಯಿತು. ಅಪ್ಪನಾದವನ ಬುದ್ಧಿಗೆ ಏನನ್ನೋಣ.

“ಆಯ್ತು” ಎಂದೆ.

ಮಾರನೆಯ ದಿನ ಮಧ್ಯಾಹ್ನ ನಾವಿಬ್ಬರೇ ಹೋದೆವು. ಷಟರ್ ಅರ್ಧ ಎಳೆದೆವು. ಕೆಳಗಿನಿಂದ ಬಿಸಿಲು ಒಂದು ಪಟ್ಟಿಯಾಗಿ ಒಳಗೆ ಬಿದ್ದಿತ್ತು. ಅವನು ಕತ್ತಿಗೆ ಹೊಸ ಬ್ಲೇಡು ಹಾಕಿದ, ಬ್ರಷ್ಷನ್ನು ಬಿಸಿನೀರಿನಲ್ಲಿ ಅದ್ದಿದ. ನಾನು ಒಂದು ದಿನವೂ ಹೇಳಿಕೊಟ್ಟಿರಲಿಲ್ಲ, ಪರದೆಯ ಸಂದಿಯಿಂದ ನೋಡಿಯೇ ಅಷ್ಟನ್ನೂ ಕಲಿತಿದ್ದ. ಆಮೇಲೆ ಫೋನನ್ನು ಪೌಡರ್ ಡಬ್ಬಕ್ಕೆ ಒರಗಿಸಿ ಇಟ್ಟ. ಅದರ ಮುಖ ಕುರ್ಚಿಯ ಕಡೆಗಿತ್ತು.

“ಅದ್ಯಾಕೆ?”

“ಸುಮ್ನೆ. ನೆನಪಿಗೆ.” ಅವನು ನನ್ನ ಕಣ್ಣು ನೋಡಲಿಲ್ಲ.

ನಾನು ಒರಗಿದೆ. ಕಣ್ಣು ಮುಚ್ಚಿದೆ.

ಅವನ ಕೈ ಚೆನ್ನಾಗಿತ್ತು, ಹೇಳಬೇಕಾದ ಮಾತು. ನೊರೆ ಸಮನಾಗಿ ಹಚ್ಚಿದ. ಎಡಗೈಯ ಎರಡು ಬೆರಳಿನಿಂದ ಚರ್ಮ ಎಳೆದು ಹಿಡಿದು ಬಲಗೆನ್ನೆ ಮುಗಿಸಿದ, ಎಡಗೆನ್ನೆ ಮುಗಿಸಿದ. ನನ್ನ ಅಪ್ಪನ ಕೈಯ ಓಟವೇ ಅದು. ಮೊಮ್ಮಗನ ಕೈಗೆ ಹೇಗೆ ಬಂತೋ. ಒಂದು ಗಳಿಗೆ ಎಲ್ಲವನ್ನೂ ಮರೆತು ಹೆಮ್ಮೆಪಟ್ಟೆ.

ಆಗ ಫೋನು ಮಾತಾಡಿತು.

“ಸಾಕು ಕೆನ್ನೆ. ಕೆಳಗೆ ಬಾ.”

ಸಣ್ಣ ದನಿ, ಅವಸರವಿಲ್ಲದ ದನಿ. “ಒಂದು ಹನಿ ಸಾಕು. ಎಲ್ರೂ ನೋಡ್ತಾ ಇದಾರೆ. ಸುಮ್ನೆ ಎಳಿ.” ಮಾತಿನ ಕೊನೆಗೆ ಹಲ್ಲಿನ ಸಂದಿನಿಂದ ಒಂದು ಸಿಳ್ಳೆ ಬಂತು.

ಡುಮ್ಮ! ಅಣ್ಣ ಎಂದರೆ ಎಲ್ಲೋ ಕತ್ತಲಲ್ಲಿ ಕೂತ ಯಾವನೋ ರಾಕ್ಷಸ ಎಂದುಕೊಂಡಿದ್ದೆ. ನಾನು ಮೊದಲ ಮೀಸೆ ತೆಗೆದ ಹುಡುಗ ಅವನು, ಬೀದಿಯ ಕೊನೆಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತು ನನ್ನ ಮಗನಿಗೆ ನನ್ನ ಗಂಟಲು ತೋರಿಸುತ್ತಿದ್ದ. ಅವನ ಅಪ್ಪ ಹೇಳಿದ ಶಾಂತಿ ಇದೇ.

ಕತ್ತಿ ನನ್ನ ಗಂಟಲಿಗೆ ಬಂದು ನಿಂತಿತು. ನಡುಗುತ್ತಿತ್ತು. ಮಗನ ಉಸಿರು ನನ್ನ ಹಣೆಗೆ ಬಡಿಯುತ್ತಿತ್ತು, ಬಿಸಿಯಾದ ಏನೋ ಒಂದು ಹನಿ ನನ್ನ ಕೆನ್ನೆಯ ಮೇಲೆ ಬಿತ್ತು. “ಎಳಿಯೋ” ಎಂದಿತು ಫೋನು. “ಇಲ್ಲಾಂದ್ರೆ ಗೊತ್ತಲ್ಲ. ಹತ್ತು ಎಣಿಸ್ತೀನಿ.”

ಎಣಿಕೆ ಶುರುವಾಯಿತು. ಆರು ಎನ್ನುವ ಹೊತ್ತಿಗೆ ಕತ್ತಿಯ ಭಾರ ಸ್ವಲ್ಪ ಹಗುರಾಯಿತು. ಏಳಕ್ಕೆ ಇನ್ನೂ ಹಗುರಾಯಿತು. ಇಪ್ಪತ್ತೇಳು ವರ್ಷ ಕತ್ತಿ ಹಿಡಿದವನಿಗೆ ಅಷ್ಟು ತಿಳಿಯದೇ? ಇವನಿಗೆ ಆಗುತ್ತಿಲ್ಲ, ಹತ್ತು ಎನ್ನುವಷ್ಟರಲ್ಲಿ ಆಗದಿದ್ದರೆ ಇವನು ಉಳಿಯುವುದಿಲ್ಲ ಎಂದು ನನ್ನ ತಲೆ ಕೂಗಿತು. ಟೈರ್‌ನವನ ಕೈ ಕಣ್ಣ ಮುಂದೆ ಬಂತು. ಕತ್ತು ಕೂಡಿಕೊಳ್ಳುತ್ತದೆ. ಎಲ್ಲಿ ಕೊಯ್ದರೆ ಚರ್ಮವಷ್ಟೇ ಹೋಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂಬತ್ತು ಎಂದಾಗ ನಾನು ಗಲ್ಲ ಎತ್ತಿ, ಒಂದಿಷ್ಟು ಓರೆಯಾಗಿ, ಬ್ಲೇಡಿಗೆ ಕತ್ತು ಒಡ್ಡಿದೆ.

ಬಿಸಿ ರಕ್ತ ಕಾಲರಿನೊಳಗೆ ಇಳಿಯಿತು. ಕತ್ತಿ ನೆಲಕ್ಕೆ ಬಿದ್ದ ಸದ್ದು ಕೇಳಿ ಕಣ್ಣು ಬಿಟ್ಟೆ. ಮಗ ಎರಡೂ ಕೈ ಮೇಲೆತ್ತಿ ನಿಂತಿದ್ದ, ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

“ತೆಗೀತಾ ಇದ್ದೆ ಅಪ್ಪಾ” ಎಂದ. “ನಾನು ಕೈ ತೆಗೀತಾ ಇದ್ದೆ. ಆಗಲ್ಲ ಅಂತ ಹೇಳೋಣ ಅಂತ ಇದ್ದೆ. ಏನಾದ್ರೂ ಆಗ್ಲಿ, ವಿಡಿಯೊ ಹೋಗ್ಲಿ ಅಂತ ಇದ್ದೆ. ನೀನ್ಯಾಕೆ ಅಪ್ಪಾ...”

ಅವನ ಮಾತು ಮುಗಿಯಲು ಫೋನು ಬಿಡಲಿಲ್ಲ. ಟಿಣ್ ಟಿಣ್ ಎಂದು ಒಂದರ ಮೇಲೊಂದು ಸದ್ದು, ಸ್ಕ್ರೀನಿನ ತುಂಬ ಕೆಂಪು ಹೃದಯಗಳು ಮೇಲಕ್ಕೆ ತೇಲುತ್ತಿದ್ದವು. ಎಷ್ಟು ಹುಡುಗರು ನೋಡುತ್ತಿದ್ದರೋ. “ಶಭಾಷ್” ಎಂದಿತು ಸಿಳ್ಳೆಯ ದನಿ. “ಐದು.”

ಮಗ ಫೋನಿನ ಕಡೆ ತಿರುಗಿದ. ಆ ಹೃದಯಗಳನ್ನು ತುಂಬ ಹೊತ್ತು ನೋಡಿದ. ನಾನು ಟವೆಲಿನಿಂದ ಕತ್ತು ಒತ್ತಿಕೊಂಡು ಅವನನ್ನು ನೋಡುತ್ತಿದ್ದೆ. ನೂರಾರು ಕಡೆ ಅರ್ಜಿ ಹಾಕಿ ಒಂದು ಉತ್ತರವೂ ಬಾರದ ಹುಡುಗ. ಅಪ್ಪನ ಬಾಯಲ್ಲಿ ದಂಡಪಿಂಡ ಎನ್ನಿಸಿಕೊಂಡ ಹುಡುಗ. ಅವನಿಗೆ ಬದುಕಿನಲ್ಲಿ ಮೊದಲ ಸಲ ಅಷ್ಟು ಜನ ಒಟ್ಟಿಗೆ ಶಭಾಷ್ ಎನ್ನುತ್ತಿದ್ದರು. ಅವನ ನಡುಕ ನಿಂತಿದ್ದು ನನ್ನ ಕಣ್ಣೆದುರಿಗೇ. ಬೆನ್ನು ನೆಟ್ಟಗಾಯಿತು. ಪಟಿಕದ ತುಂಡನ್ನು ನೀರಿನಲ್ಲಿ ಅದ್ದಿ ನನ್ನ ಗಾಯಕ್ಕೆ ತಾನೇ ಒತ್ತಿದ, ಗಿರಾಕಿಗೆ ಒತ್ತುವ ಹಾಗೆ. ಆಮೇಲೆ ಪಕ್ಕದ ಕುರ್ಚಿಯಲ್ಲಿ ಕೂತು ಎಡಗಿವಿಯನ್ನು ನನ್ನ ಕಡೆ ತಿರುಗಿಸಿದ.

ನಾನು ಹಾಕಿದೆ. ವಿಡಿಯೊ ಅಳಿಸುತ್ತಾರೆ, ಇಲ್ಲಿಗೆ ಮುಗಿಯಿತು, ಇನ್ನು ಮಗ ನನ್ನವನು ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಾ ಐದನೇ ಗೆರೆಯನ್ನು ನೆಟ್ಟಗೆ ಹಾಕಿದೆ. ವಿಡಿಯೊ ಅಳಿಸಿದ್ದೂ ನಿಜ, ಆ ವಿಷಯದಲ್ಲಿ ಅವರು ಮಾತಿಗೆ ತಪ್ಪಲಿಲ್ಲ. ಆದರೆ ಅವತ್ತಿನಿಂದ ಅವನು ನನ್ನನ್ನು ಅಪ್ಪಾ ಎಂದಿಲ್ಲ.

ಇದಾಗಿ ಐದು ವಾರ. ಅವನು ಈಗಲೂ ಅಂಗಡಿಗೆ ಬರುತ್ತಾನೆ, ಹೊತ್ತಿಗೆ ಸರಿಯಾಗಿ ಬರುತ್ತಾನೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಾನೆ. ಪರದೆಯ ಹಿಂದೆ ಕೂರುತ್ತಾನೆ. ಮಲಗುವುದಿಲ್ಲ. ಗಿರಾಕಿಗಳು “ಹುಡುಗ ದಾರಿಗೆ ಬಂದ ನೋಡು” ಎನ್ನುತ್ತಾರೆ. ನಾನು ಕಾಲರಿನ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡಿರುತ್ತೇನೆ. ಗೆರೆ ಕೇಳಿ ಬರುವವರಿಗೆಲ್ಲ ಕೈ ನೋವು ಎಂದು ವಾಪಸು ಕಳಿಸುತ್ತೇನೆ. ಅವರು ಬೇರೆ ಅಂಗಡಿ ಹುಡುಕಿಕೊಳ್ಳುತ್ತಾರೆ ಎಂದೂ ಗೊತ್ತು.

ಇವತ್ತು ಬೆಳಿಗ್ಗೆ ಒಬ್ಬ ಚೋಟುದ್ದದ ಹುಡುಗ ಬಂದ. ಹನ್ನೆರಡು ಇರಬಹುದು. ಎರಡು ವರ್ಷದ ಹಿಂದೆಯಷ್ಟೇ ಅಡ್ಡ ಹಲಗೆ ಬಿಟ್ಟು ಕುರ್ಚಿಯಲ್ಲಿ ಕೂರತೊಡಗಿದವನು. ಅವನ ಅಪ್ಪ ನನ್ನ ಗಿರಾಕಿ, ಪ್ರತಿ ಸಲ ಇವನ ಕೈ ಹಿಡಿದು ಕರೆತರುತ್ತಿದ್ದ ಮನುಷ್ಯ. ಹುಡುಗ ಕುರ್ಚಿ ಹತ್ತಿ, ಫೋನನ್ನು ಮಡಿಲಲ್ಲಿ ಇಟ್ಟುಕೊಂಡು, ಎಡಗಿವಿ ಮಡಚಿ ತೋರಿಸಿದ.

“ಅಂಕಲ್, ಇಲ್ಲಿ ಒಂದು ಗೆರೆ.”

“ಯಾರು ಹೇಳಿದ್ದು ನಿಂಗೆ?”

“ಅಣ್ಣ.”

ಅವನ ಫೋನಿನಿಂದ ಒಂದು ದನಿ ಬಂತು. “ಕೂತ್ಕೊಂಡ್ಯಾ? ಹೆದರ್ಬೇಡ. ಅವರು ಚೆನ್ನಾಗಿ ಹಾಕ್ತಾರೆ.” ಆ ಮಾತು ಫೋನಿನಲ್ಲಿ ಬರುವುದಕ್ಕೆ ಒಂದು ಚಿಟಿಕೆ ಹೊಡೆಯುವಷ್ಟು ಮುಂಚೆಯೇ ನನಗೆ ಪರದೆಯ ಹಿಂದಿನಿಂದ ಕೇಳಿಸಿತ್ತು. ನಾನು ಹೊತ್ತು ಆಡಿಸಿದ, ಮಾತು ಕಲಿಸಿದ ದನಿ.

ಹುಡುಗನನ್ನು ಕಂಕುಳಿಗೆ ಕೈ ಕೊಟ್ಟು ಕುರ್ಚಿಯಿಂದ ಕೆಳಗಿಳಿಸಿದೆ. “ನೋಡು ಪುಟ್ಟಾ, ಮನೆಗೆ ಓಡು. ನಿಮ್ಮಪ್ಪನ್ನ ಈಗ್ಲೇ ಕರ್ಕೊಂಡು ಬಾ. ನಾನು ಮಾತಾಡ್ಬೇಕು.”

ಅವನು ನನ್ನನ್ನು ಪಾಪ ಎನ್ನುವ ಹಾಗೆ ನೋಡಿದ. ಏನೂ ತಿಳಿಯದವರಿಗೆ ತಿಳಿಸಿ ಹೇಳುವ ದನಿಯಲ್ಲಿ ಹೇಳಿದ.

“ಅಪ್ಪ ಈಗ್ಲೇ ಬೇಡ ಅಂಕಲ್. ಅಪ್ಪ ಐದನೇದಕ್ಕೆ.”